ಕುಸುಬಿ ಎಣ್ಣೆ ಕುಡಿದ ಕೀಲು

ಲಾಲ್ ಅಹ್ಮದ್ ಮಿಸ್ತ್ರಿ ತೀರಿಕೊಂಡರು. ಎಪ್ಪತ್ತೊಂಬತ್ತನೇ ಇಸವಿಯ ಮುಂಗಾರು ಶುರುವಾದ ವಾರ, ಶಹಾಬಾದಿನ ಹತ್ತಿರ ಕಾಗಿಣಾ ಹೊಳೆಯ ದಂಡೆಯಲ್ಲಿ, ಫರಸಿ ಕಲ್ಲಿನ ಚಪ್ಪಡಿಗೆ ಬೆನ್ನು ಕೊಟ್ಟು ಕುಳಿತಲ್ಲಿಯೇ ಹೋದರು. ಹೊತ್ತು ಮಧ್ಯಾಹ್ನ. ಮಗಳು ರಹೀಮಾ ಆಗ ನಡುಹೊಳೆಯಲ್ಲಿದ್ದಳು. ಅಪ್ಪನೇ ರಿಪೇರಿ ಮಾಡಿದ ಮೋಟಾರು ದೋಣಿಯಲ್ಲಿ ತವರಿಗೆ ಬರುತ್ತಿದ್ದಳು.

ಅವರು ಹುಟ್ಟಿದ್ದು ಭಂಕೂರದಲ್ಲಿ. ತಂದೆ ಖಣಿಯಲ್ಲಿ ಕಲ್ಲು ಸೀಳುತ್ತಿದ್ದರು. ಮಗನೂ ಹುಡುಗನಾಗಿದ್ದಾಗ ಅದೇ ಕೆಲಸಕ್ಕೆ ನಿಂತು, ಎದೆಯ ತುಂಬ ಕಲ್ಲಿನ ಪುಡಿ ತುಂಬಿಕೊಂಡ ಮೇಲೆ ಅದನ್ನು ಬಿಟ್ಟು ಪಂಪುಗಳ ಕಡೆ ತಿರುಗಿದರು. ಮಳೆಗಾಲ ಮುಗಿದರೆ ಖಣಿಗಳಲ್ಲಿ ಆಳುದ್ದ ನೀರು ನಿಲ್ಲುತ್ತದೆ. ಅದನ್ನು ಎತ್ತಿಹಾಕುವ ಪಂಪುಗಳು ಮುಳುಗಿ, ಕೆಸರು ಕುಡಿದು, ತುಕ್ಕು ಹಿಡಿದು ಅವರ ಅಂಗಳಕ್ಕೆ ಬರುತ್ತಿದ್ದವು. ವಾಡಿ, ಚಿತ್ತಾಪುರದ ಕಡೆಯಿಂದಲೂ ಬಂಡಿಯಲ್ಲಿ ಹೇರಿಕೊಂಡು ತರುತ್ತಿದ್ದರು. ಬೇರೆಯವರು ಸುತ್ತಿಗೆ ಎತ್ತುವಲ್ಲಿ ಇವರು ಬೋಲ್ಟಿನ ಬುಡಕ್ಕೆ ಸೀಮೆಎಣ್ಣೆ ಬಿಟ್ಟು, ಅರಿವೆ ಸುತ್ತಿ, ಚಹಾಕ್ಕೆ ಹೋಗಿಬಿಡುತ್ತಿದ್ದರು. ಮರಳಿ ಬಂದು ಮೆಲ್ಲಗೆ ತಟ್ಟುವುದು, ಮತ್ತೆ ಸೀಮೆಎಣ್ಣೆ, ಮತ್ತೆ ಚಹಾ.

"ಇವರ ಮುಂದ ಬೋಲ್ಟೂ ಬ್ಯಾಸತ್ತು ಹೊರಗ ಬರ್ತದ. ನಾ ಒಬ್ಬಾಕಿ ಕುಂತೀನಿ ನೋಡ್ರಿ, ಇಷ್ಟು ವರ್ಷ!" ಎಂದು ಹೆಂಡತಿ ಜಾನಬಿ ಬಂದವರ ಮುಂದೆ ಹೇಳಿ ನಗುತ್ತಿದ್ದರು.

ಹೆಚ್ಚಾಗಿ ಆ ಮಾತು ಕೇಳುತ್ತಿದ್ದವರು ಗುರುಲಿಂಗಯ್ಯ ಮಾಸ್ತರರು. ಶಾಲೆಯ ಬೋರಿಂಗ್ ಪಂಪು ಕೆಟ್ಟಾಗ ಶುರುವಾದ ಗೆಳೆತನ ಅದು. ಸಂಜೆ ಶಾಲೆ ಬಿಟ್ಟ ಮೇಲೆ ಮಾಸ್ತರರು ಹಣೆಯ ವಿಭೂತಿ ಸಮೇತ ಬಂದು ಆ ಎಣ್ಣೆಗಪ್ಪಿನ ಅಂಗಳದಲ್ಲಿ ಕಲ್ಲಿನ ಮೇಲೆ ಕೂರುತ್ತಿದ್ದರು. ಪೇಪರ್ ಓದಿ ಹೇಳುತ್ತಿದ್ದರು. ಮಿಸ್ತ್ರಿ ಕೇಳುತ್ತ, ಕೆಮ್ಮುತ್ತ, ಕೆಲಸ ಮಾಡುತ್ತಿದ್ದರು.

ಆ ದೋಣಿಯನ್ನು ತಂದವರು ಆಚೆ ದಡದಲ್ಲಿ ಖಣಿ ಹಿಡಿದಿದ್ದ ಒಬ್ಬ ಗುತ್ತೇದಾರರು. ಮುಂಬೈಯ ಸಮುದ್ರದಲ್ಲಿ ಓಡಿ ಹಳೆಯದಾದ ದೋಣಿ. ಎಂಜಿನ್ ದೋಣಿಯ ಒಳಗೆ. ಅದರ ಕಾಲು ಮಾತ್ರ ಹಿಂದೆ, ಹೊರಗೆ ನೀರಿಗೆ ಇಳಿಬಿದ್ದಿತ್ತು. ಕಾಲಿನ ತುದಿಗೆ ನೀರು ತಳ್ಳುವ ಪಂಖ. ಖಣಿಯ ಕೆಲಸ ನಿಂತಾಗ ಗುತ್ತೇದಾರರು ದೋಣಿಯನ್ನು ಊರಿಗೇ ಬಿಟ್ಟುಹೋದರು. ಅದನ್ನು ನೋಡಿಕೊಳ್ಳಲು ಇದ್ದವರು ನಬೀಸಾಬರು, ಮೊದಲಿನಿಂದ ಅಲ್ಲಿ ಹರಗೋಲು ಹಾಕುತ್ತಿದ್ದ ಮುದುಕರು. ಮೋಟಾರು ದೋಣಿ ಕೈಗೆ ಬಂದ ಮೇಲೆ ಅವರ ನಡಿಗೆಯೇ ಬದಲಾಯಿತು ಎಂದು ಜನ ಆಡಿಕೊಳ್ಳುತ್ತಿದ್ದರು. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ದೋಣಿಯನ್ನು ದಡಕ್ಕೆಳೆದು, ಸಿಂದಿಚಾಪೆ ಹೊದಿಸಿ, ಮೈಯೆಲ್ಲ ಒರೆಸಿ ಇಡುತ್ತಿದ್ದರು.

ರಹೀಮಾಳನ್ನು ಕೊಟ್ಟದ್ದು ಆಚೆ ದಡದ ಹಳ್ಳಿಗೆ. ಬೇಸಿಗೆಯಲ್ಲಿ ನಡೆದು ದಾಟುವ ಹೊಳೆ. ಮಳೆಗಾಲದಲ್ಲಿ ದೋಣಿ ಬಿಟ್ಟರೆ ದಾರಿಯಿಲ್ಲ. ಸುತ್ತುದಾರಿಯ ಎರೆಮಣ್ಣಿನಲ್ಲಿ ಬಂಡಿಯ ಗಾಲಿ ಅಚ್ಚಿನವರೆಗೆ ಹೂಳುತ್ತದೆ. ಚೊಚ್ಚಲ ಬಸುರಿಯನ್ನು ತವರಿಗೆ ಕರೆತರಲು ಹೋದಾಗ ಬಿತ್ತನೆಯ ಕಾಲ, ಎಂಟು ದಿನ ತಡೆಯಿರಿ ಎಂದರು ಬೀಗರು. ಅಷ್ಟರಲ್ಲಿ ಹೊಳೆ ಬಂತು. ನೋವು ಮೊದಲೇ ಶುರುವಾಯಿತು.

ಆ ಸಲ ದೋಣಿ ದಾಟಲಿಲ್ಲ. ಎಂಜಿನ್ನಿನಿಂದ ಕಾಲಿಗೆ ಹೋಗುವ ದಂಡಕ್ಕೆ ರಬ್ಬರಿನ ಒಂದು ತೋಳು ತೊಡಿಸಿರುತ್ತದೆ, ನೀರು ಒಳಗೆ ಬಾರದಂತೆ. ಅದು ಹರಿದಿತ್ತು. ಹೊಸ ತೋಳು ದೋಣಿಯ ಜೊತೆಗೇ ಬಂದದ್ದು ಮೂಲೆಯಲ್ಲಿತ್ತು. ಅದನ್ನು ಹಾಕಲು ಕಾಲು ಬಿಚ್ಚಬೇಕು. ಕಾಲು ಬಿಚ್ಚಲು ಅದನ್ನು ಹಿಡಿದ ಎರಡು ಉಕ್ಕಿನ ಕೀಲು ಹೊರಗೆ ಬರಬೇಕು. ಕೀಲು ಅಲುಗಲಿಲ್ಲ. ಲಾಲ್ ಅಹ್ಮದ್ ಸೀಮೆಎಣ್ಣೆ ಬಿಟ್ಟು ಕಾಯ್ದರು. ಹೊಳೆಯಾಚೆಯಿಂದ ಕೂಗು ಕೇಳಿದಾಗ ಕಾಯುವುದು ಅವರಿಂದಲೂ ಆಗಲಿಲ್ಲ, ಸುತ್ತಿಗೆ ಎತ್ತಿದರು. ಕೀಲಿನ ತಲೆ ಅಣಬೆಯ ಹಾಗೆ ಅಗಲವಾಯಿತೇ ಹೊರತು ಕೀಲು ಹೊರಡಲಿಲ್ಲ. ಹರಿದ ತೋಳಿನಲ್ಲೇ ನಬೀಸಾಬರು ದೋಣಿ ಬಿಟ್ಟರು. ನಡುಹೊಳೆಗೆ ಮೊಣಕಾಲುದ್ದ ನೀರು ತುಂಬಿ, ಎಂಜಿನ್ ಸತ್ತು, ದೋಣಿ ಎಲ್ಲೋ ಕೆಳಗೆ ಹೋಗಿ ಜಾಲಿಗಿಡಕ್ಕೆ ಸಿಕ್ಕಿತು. ಮುದುಕರು ಬದುಕಿ ಬಂದದ್ದೇ ದೊಡ್ಡದು. ಹೊಳೆ ಇಳಿದ ಮೇಲೆ ಎಲ್ಲರಿಗಿಂತ ಮೊದಲು ಹರಗೋಲಿನಲ್ಲಿ ಆಚೆ ಹೋದವರೂ ಅವರೇ. ಕೂಸನ್ನು ಆಗಲೇ ಮಣ್ಣು ಮಾಡಿದ್ದರು.

"ಮುಂಬೈ ಉಪ್ಪು ತಿಂದದ ಅದನ್ನ," ಎಂದರು ಮಿಸ್ತ್ರಿ. ವರ್ಷವಿಡೀ ಅದನ್ನೇ ಅಂದರು. ಸಮುದ್ರದ ಉಪ್ಪು ಕಾಲಿನ ಅಲ್ಯುಮಿನಿಯಮ್ಮನ್ನು ತಿಂದು ಬಿಳಿ ಪುಡಿ ಮಾಡುತ್ತದೆ, ಆ ಪುಡಿ ಉಬ್ಬಿ ಕೀಲನ್ನು ಕಚ್ಚುತ್ತದೆ. ಕೀಲಿನ ಬಾಯಿಯ ಹತ್ತಿರ ಬಿಳಿ ಪುಡಿ ಇದ್ದದ್ದೂ ನಿಜ.

ಮರುವರ್ಷ ರಹೀಮಾ ಮತ್ತೆ ಬಸುರಿ. ದಿನ ಬೀಳುವುದು ಮಳೆಗಾಲದಲ್ಲೇ. ಮೊದಲೇ ಕರೆತರೋಣವೆಂದರೆ ಅತ್ತೆಗೆ ಲಕ್ವ ಹೊಡೆದಿತ್ತು. ಮನೆಯಲ್ಲಿ ಬೇರೆ ಹೆಂಗಸಿಲ್ಲ. "ಅಬ್ಬಾ, ಆಕಿ ಬಾಯಿಗೆ ನೀರು ಬಿಡೋರು ಯಾರಿಲ್ಲ. ಕಡೀ ವಾರಕ್ಕ ಬರ್ತೀನಿ. ನೆರಮನಿಯವರು ಅಷ್ಟು ದಿನ ನೋಡ್ತೀವಿ ಅಂದಾರ. ದೋಣಿ ಇರ್ತದಲ್ಲ?" ಎಂದಳು ಮಗಳು.

"ಇರ್ತದ ಬೇಟಿ," ಎಂದು ಹೇಳಿ ಬಂದರು.

ಪಂಪಿನ ಕೆಲಸಗಳನ್ನೆಲ್ಲ ಬದಿಗಿಟ್ಟು ದಂಡೆಗೆ ಹೋಗಿ ಕುಳಿತರು. ಎದೆ ಮೊದಲಿನಂತಿರಲಿಲ್ಲ, ಉಸಿರು ತೆಗೆದರೆ ಒಳಗೆ ಜರಡಿ ಆಡಿಸಿದ ಸದ್ದು. ಗರಗಸದಿಂದ ಕೀಲಿನ ಅಗಲವಾದ ತಲೆಯನ್ನು ಕೊಯ್ದರು. ಕೊಯ್ದ ತುದಿಯಿಂದ ಕೀಲನ್ನು ನೂಕಲು ತಿರುಪಿನ ಬೋಲ್ಟು ಇರುವ ಒಂದು ಕಬ್ಬಿಣದ ಚೌಕಟ್ಟು ಮಾಡಿಕೊಂಡರು. ಸೀಮೆಎಣ್ಣೆ ಬಿಟ್ಟು ವಾರಗಟ್ಟಲೆ ಕಾಯ್ದರು. ಬೋಲ್ಟು ಬಿಗಿಯಾಯಿತು, ಕೀಲು ಇದ್ದಲ್ಲೇ ಇತ್ತು. ಆಕಾಶದಲ್ಲಿ ಮೋಡ ಕಾಣಿಸತೊಡಗಿತು.

ಕೊನೆಗೆ ಲೋಹ ಕಾಯಿಸುವ ಉರಿದೀಪ ತಂದರು. ಹಿಂದಿನ ವರ್ಷ ರಬ್ಬರು ಸುಟ್ಟೀತು, ಅಲ್ಯುಮಿನಿಯಮ್ ಕರಗೀತು ಎಂದು ಹೆದರಿ ಬಿಟ್ಟಿದ್ದರು. ಈಗ ಸುಡಲು ರಬ್ಬರಿನಲ್ಲಿ ಏನು ಉಳಿದಿತ್ತು! ಕೀಲಿನ ಸುತ್ತಲ ಲೋಹಕ್ಕೆ ದೂರದಿಂದ ಉರಿ ತೋರಿಸುತ್ತ, ಕೀಲಿನ ತುದಿಗೆ ಒದ್ದೆ ಅರಿವೆ ಇಡುತ್ತ ಹೋದರು. ಸುತ್ತಿನ ಲೋಹ ಹಿಗ್ಗಬೇಕು, ಕೀಲು ಹಿಗ್ಗಬಾರದು. ನಬೀಸಾಬರು ಮಗುಚಿದ ಹರಗೋಲಿನ ಮೇಲೆ ಕುಳಿತು ನೋಡುತ್ತಿದ್ದರು. ಮಾಸ್ತರರು ಪಕ್ಕದಲ್ಲಿದ್ದರು.

ಸ್ವಲ್ಪ ಹೊತ್ತಿಗೆ ಒಂದು ವಾಸನೆ ಬಂತು.

"ಯಾರಪಾ ಇಲ್ಲಿ ಭಜಿ ಕರೀಲಿಕತ್ತಾರ?" ಎಂದರು ಮಾಸ್ತರರು.

"ನಿಮಗ ಹಸಿವಾಗಿರಬೇಕು ನೋಡ್ರಿ ಮಾಸ್ತರ್ರಿ. ದೋಣ್ಯಾಗ ಭಜಿ ಎಲ್ಲಿಂದ ಬರ್ಬೇಕು?" ಎಂದು ನಬೀಸಾಬರು ನಕ್ಕರು.

ಲಾಲ್ ಅಹ್ಮದ್ ನಗಲಿಲ್ಲ. ಕೀಲಿನ ಬಾಯಿಂದ ಕಂದು ಬಣ್ಣದ ಅಂಟು, ಬೆಲ್ಲದ ಪಾಕದಂತೆ, ಎಳೆಯೆಳೆಯಾಗಿ ಹೊರಗೆ ಬರುತ್ತಿತ್ತು. ಬೆರಳಿಗೆ ಮುಟ್ಟಿಸಿಕೊಂಡರು, ಮೂಸಿದರು. ಅಡುಗೆಮನೆಯ ವಾಸನೆ. ಕುಸುಬಿ ಎಣ್ಣೆ.

"ಅರೆ, ಅದು ನಂದೇ ಎಣ್ಣಿ!" ನಬೀಸಾಬರು ಎದ್ದು ಬಂದರು. "ವರ್ಷಾ ದೋಣಿ ಮ್ಯಾಲ ಎಳದಾಗ ಎರಡೂ ಕೀಲಿಗೆ ಕುಸುಬಿ ಎಣ್ಣಿ ಕುಡಸೀನಿ, ಲಾಲ್ ಭಾಯಿ. ಬಾವಿ ನೀರೆತ್ತೋ ತೊಗಲಿನ ಚೀಲಕ್ಕ ನಮ್ಮ ಅಪ್ಪ ಹಾಂಗೇ ಕುಡಸ್ತಿದ್ದ. ಮನ್ಯಾಗ ಪಲ್ಯಕ್ಕ ಇಲ್ಲಂದ್ರೂ ಇದಕ್ಕ ತಪ್ಪಿಸಿಲ್ಲ. ಇಲ್ಲಂದ್ರ ಉಪ್ಪು ಪೂರಾ ತಿಂದುಬಿಡ್ತಿತ್ತು. ಹೌದಿಲ್ಲೊ?"

ತೊಗಲಿಗೆ ಅದು ಸರಿ. ಕುಸುಬಿ ಎಣ್ಣೆ ಗಾಳಿಗೆ ಒಣಗಿ, ಗಟ್ಟಿಯಾಗಿ, ನೀರು ಸೋರದಂತೆ ಹಿಡಿಯುತ್ತದೆ. ಕೀಲಿನಲ್ಲಿ ವರ್ಷ ವರ್ಷ ಒಂದರ ಮೇಲೊಂದು ಒಣಗಿ ಅರಗಾಗಿತ್ತು. ಸೀಮೆಎಣ್ಣೆಗೆ ಅದು ಬಗ್ಗುವುದಿಲ್ಲ, ಕಾವಿಗೆ ಮಾತ್ರ ಮೆತ್ತಗಾಗುತ್ತದೆ. ಹಿಂದಿನ ವರ್ಷ ಒಂದು ತಾಸು ಉರಿ ತೋರಿಸಿದ್ದರೆ ಸಾಕಾಗುತ್ತಿತ್ತು. ಅದಕ್ಕೂ ಮೊದಲು, ಯಾರೂ ಏನೂ ಹಾಕದೆ ಬಿಟ್ಟಿದ್ದರೂ ಸಾಕಾಗುತ್ತಿತ್ತು.

ಮಿಸ್ತ್ರಿ ದೀಪದ ಉರಿಯನ್ನು ಸಣ್ಣದು ಮಾಡಿದರು. ನಬೀಸಾಬರು ಇನ್ನೂ ಉತ್ತರಕ್ಕೆ ಕಾಯುತ್ತ ನಿಂತಿದ್ದರು.

"ಹೌದು ನಬೀ ಭಾಯಿ," ಎಂದರು ಮಿಸ್ತ್ರಿ. "ನಿನ್ನ ಎಣ್ಣಿ ಇಲ್ಲಂದ್ರ ಈ ಕಾಲು ಉಳೀತಿದ್ದಿಲ್ಲ."

ಮುದುಕರ ಮುಖ ಅರಳಿತು. ಚಹಾ ತರುತ್ತೇನೆಂದು ಊರ ಕಡೆ ಹೋದರು. ಅವರು ದಿಬ್ಬ ಏರಿ ಮರೆಯಾಗುವವರೆಗೆ ಲಾಲ್ ಅಹ್ಮದ್ ನೋಡುತ್ತಿದ್ದರು. ಆಮೇಲೆ ಮಾಸ್ತರರಿಗೆ ಎಲ್ಲವನ್ನೂ ಹೇಳಿದರು, ಕೀಲಿನ ಕಡೆಗೇ ನೋಡುತ್ತ.

"ಅಂದ್ರ ಕೂಸು..." ಎಂದರು ಮಾಸ್ತರರು.

"ಆ ಮನಷಾ ಹೊಳ್ಯಾಗ ಸಾಯ್ಲಿಕ್ಕೆ ಹೋಗಿದ್ದ ಮಾಸ್ತರ್ರಿ, ನನ್ನ ಮಗಳ ಸಲುವಾಗಿ. ಅವಗ ಇದು ತಿಳೀಬಾರ್ದು. ಅವ ಇರೋತನಕ ನಿಮ್ಮ ಬಾಯಿಂದ ಬರಬಾರ್ದು." ಕೆಮ್ಮು ಬಂತು. ಅದು ನಿಂತ ಮೇಲೆ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಕುಳಿತರು. ಮಾಸ್ತರರು ಅವರ ಬೆನ್ನ ಮೇಲೆ ಕೈ ಇಟ್ಟರು.

ನಬೀಸಾಬರು ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಮಾಸ್ತರರು ಬಾಯಿ ಬಿಟ್ಟದ್ದು ಆಮೇಲೆ, ಅದಕ್ಕೇ ಈಗ ಇದನ್ನು ಬರೆಯಲು ಬಂತು.

ಅರಗು ಮೆತ್ತಗಾದ ಮೇಲೆ ಮೊದಲ ಕೀಲು ನರಳುತ್ತ ಬಂತು. ಎರಡನೆಯದು ಮರುದಿನ ಬಂತು. ಕಾಲು ಬಿಚ್ಚಿ, ಕೀಲುಗಳ ತೂತನ್ನು ಕೆರೆದು ಉಜ್ಜಿ, ಹೊಸ ರಬ್ಬರ್ ತೋಳು ತೊಡಿಸಿದರು. ಹೊಸ ಕೀಲು ಕಡೆದರು. ನಬೀಸಾಬರು ನಾಲ್ಕು ಮಂದಿಯನ್ನು ಕರೆತಂದು ದೋಣಿಯನ್ನು ನೀರಂಚಿಗೆ ಇಳಿಸಿದರು. ಆಚೆ ಮೇಲ್ಗಡೆ ಮಳೆಯಾಗಿ ಹೊಳೆಗೆ ಕೆಂಪು ನೀರು ಬರತೊಡಗಿತ್ತು. ರಹೀಮಾ ತಯಾರಾಗಿ ಕುಳಿತಿದ್ದಾಳೆ ಎಂದು ಹೇಳಿಕಳಿಸಿದ್ದರು.

ಕಾಲನ್ನು ಎತ್ತಿ ಹಿಡಿದು ಒಂದು ಕೀಲು ಕೂರಿಸಿಯಾಯಿತು. ಗ್ರೀಸ್ ಡಬ್ಬಿ ಮಿಸ್ತ್ರಿಯ ತೊಡೆಯ ಮೇಲಿತ್ತು. ಎರಡನೆಯ ಕೀಲಿಗೆ ಕೈ ಹಾಕುವಾಗ ನಬೀಸಾಬರು ಓಡುತ್ತ ಬಂದರು. ಕೈಯಲ್ಲಿ ಹಿತ್ತಾಳೆಯ ಬಟ್ಟಲು. ಬಟ್ಟಲ ತುಂಬ ಕುಸುಬಿ ಎಣ್ಣೆ.

"ತಡಿ, ತಡಿ! ಒಣಾ ಕೀಲು ಹಾಕ್ತಾರೇನು? ಕುಡಸೂಣು."

ಮಿಸ್ತ್ರಿ ತಲೆ ಎತ್ತಿ ಬಟ್ಟಲನ್ನು ನೋಡಿದರು, ಮುದುಕರ ಮುಖ ನೋಡಿದರು. ಆಮೇಲೆ ಎರಡೂ ಅಂಗೈ ಮುಂದೆ ಚಾಚಿದರು. ಗರಗಸ, ಉರಿ, ಸೀಮೆಎಣ್ಣೆಗೆ ಸಿಕ್ಕು ಬೆರಳ ಸಂದಿಯೆಲ್ಲ ಸೀಳಿತ್ತು.

"ಕೀಲಿಗೆ ಈ ಸಲ ಗ್ರೀಸ್ ಹಾಕೀನಿ, ಹೊಸಾದು ಅದ. ಕೈ ಭಾಳ ಒಡದಾವ ಭಾಯಿ. ಇಲ್ಲಿ ಹಾಕು."

"ಛೇ, ನೋಡು ಹ್ಯಾಂಗಾಗ್ಯಾವ! ಭಾಬಿ ಏನ್ ಮಾಡ್ತಾಳ ಮನ್ಯಾಗ?" ಎಂದು ಗೊಣಗುತ್ತ ನಬೀಸಾಬರು ಎಣ್ಣೆ ಹೊಯ್ದು, ಒಂದೊಂದೇ ಬೆರಳು ಹಿಡಿದು ನೀವಿದರು. ಲಾಲ್ ಅಹ್ಮದ್ ಕಣ್ಣು ಮುಚ್ಚಿ ನೀವಿಸಿಕೊಂಡರು. ಬಟ್ಟಲು ಖಾಲಿಯಾಯಿತು.

ನಬೀಸಾಬರು ಎಂಜಿನ್ನಿನ ಹತ್ತಿರ ಹೋದ ಮೇಲೆ ಮಿಸ್ತ್ರಿ ಹಳೆಯ ಅರಿವೆ ತೆಗೆದುಕೊಂಡು, ಒಂದು ಹನಿಯೂ ಉಳಿಯದಂತೆ ಕೈ ಒರೆಸಿಕೊಂಡರು. ಗ್ರೀಸ್ ಹಚ್ಚಿ ಕೀಲನ್ನು ತೂತಿಗಿಟ್ಟು ಹೆಬ್ಬೆರಳಿನಿಂದ ಒತ್ತಿದರು. ಸುತ್ತಿಗೆ ಬೇಕಾಗಲಿಲ್ಲ, ಕೀಲು ತಾನಾಗಿ ಒಳಗೆ ಹೋಯಿತು. ಅದರ ತುದಿಗೆ ತಡೆ ತಂತಿ ಕಟ್ಟಿದರು. ಹಿಂದೆ ಸರಿದು ಚಪ್ಪಡಿಗೆ ಒರಗಿ ಕುಳಿತರು.

ಎಂಜಿನ್ ಹೊತ್ತಿತು. ದೋಣಿ ನೀರಿಗಿಳಿಯಿತು. ಒಳಗೆ ನೀರು ಬರುತ್ತದೆಯೇ ಎಂದು ಬಗ್ಗಿ ನೋಡಿದ ನಬೀಸಾಬರು ಅಲ್ಲಿಂದಲೇ ಕೂಗಿದರು: "ಒಣಗೇ ಅದ ಲಾಲ್ ಭಾಯಿ! ಒಂದು ಸುತ್ತು ಹೊಡದು ಬರ್ಲ್ಯಾ?"

ಅಷ್ಟು ದೂರ ಕೂಗುವ ಉಸಿರು ಮಿಸ್ತ್ರಿಯಲ್ಲಿರಲಿಲ್ಲ. ಬಲಗೈ ಎತ್ತಿ, ಮಗಳಿದ್ದ ಆಚೆ ದಡವನ್ನು ತೋರಿಸಿದರು.