ದೊಡ್ಡ ಎಂಜಿನ್ ಕೂರಿಸಿದ್ದು

ಸಂಸೆಯ ನಮ್ಮ ಮನೆಯ ಏರುದಾರಿ ಹತ್ತಲಾರದ ಹಳೇ ಪಿಕಪ್‌ಗೆ ದೊಡ್ಡ ಎಂಜಿನ್ ಹಾಕಲು ಕಳಸದ ಮೆಕ್ಯಾನಿಕ್ ಹಮೀದಣ್ಣ ಮನೆಗೇ ಬಂದಿದ್ದರು. ಹಲಸಿನ ಮರಕ್ಕೆ ಚೈನ್ ಪುಲ್ಲಿ ಕಟ್ಟಿ, ಮೂರು ದಿನ ಹೆಣಗಿ ಕೂರಿಸಿದೆವು. ಬಾನೆಟ್ ಮಾತ್ರ ಮುಚ್ಚಲಿಲ್ಲ.

"ಅಳತೆ ತಗೊಂಡಿರಲಿಲ್ವಾ ಹಮೀದಣ್ಣ?"

"ಉದ್ದ, ಅಗಲ ತಗೊಂಡಿದ್ದೆ ಮಾರಾಯ್ರೆ. ಎತ್ತರ ಮರೆತೇಹೋಯ್ತು," ಎಂದು ಅವರು ಪೆಚ್ಚಾದರು.

ಜಗಲಿಯಲ್ಲಿದ್ದ ಎಂಬತ್ತರ ಅತ್ತೆ ಎದ್ದು ಬಂದರು. "ಬಾನೆಟ್ ಬಿಚ್ಚಿಡಿ. ಮೊದಲು ಏರು ಹತ್ತುತ್ತದಾ ನೋಡುವ," ಎಂದು ಮುಂದಿನ ಸೀಟಿನಲ್ಲಿ ಕೂತೇಬಿಟ್ಟರು.

ನಾನೂ ಅವರ ಪಕ್ಕ ಹತ್ತಿಕೊಂಡೆ. ಹಮೀದಣ್ಣ ಗೇರ್ ಹಾಕಿದರು. ಗಾಡಿ ಒಂದೇ ಉಸಿರಿಗೆ ಏರಿತು! ಮೂವರೂ ಕೂಗಿ ನಕ್ಕೆವು.

"ನಿಲ್ಲಿಸಬೇಡ ಹಮೀದ, ಹೊರನಾಡಿನವರೆಗೂ ನೋಡಿಬಿಡುವ," ಅಂದರು ಅತ್ತೆ.

ದೇವಸ್ಥಾನದ ಊಟದ ಹೊತ್ತಿಗೆ ಸರಿಯಾಗಿ ತಲುಪಿದೆವು. ಅದು ಆಕಸ್ಮಿಕ ಅಂತ ಅತ್ತೆ ಈಗಲೂ ವಾದಿಸುತ್ತಾರೆ.