ಅಣ್ಣನ ಜಾಗದಲ್ಲಿ ತಮ್ಮ

ಬೆರಳು ಮೇಸ್ತ್ರಿಯ ಮುತ್ತಜ್ಜ ರೈಲು ನಿಲ್ದಾಣದಲ್ಲಿ ಲಾಂದ್ರ ಒರೆಸುತ್ತಿದ್ದವನು. ಬಿರುಗಾಳಿಗೆ ಕಂಬದ ದೀಪ ಆರಿಹೋದ ಒಂದು ಸಂಜೆ, ಮೈಮೇಲಿನ ಅಂಗಿಯನ್ನೇ ಸೀಮೆಎಣ್ಣೆಯಲ್ಲಿ ಅದ್ದಿ ಹೊತ್ತಿಸಿಕೊಂಡು ಹಳಿಯ ಮೇಲೆ ಓಡಿ ರೈಲು ನಿಲ್ಲಿಸಿದನಂತೆ. ಅಜ್ಜ ಊರಿನ ಮೊದಲ ಬಸ್ಸಿಗೆ ದೀಪ ಕೂರಿಸಿದ. ದೀಪ ಭಗ್ಗನೆ ಹೊತ್ತಿದ್ದಕ್ಕೆ ಬಸ್ಸಿನ ಮಾಲೀಕ ಬೆದರಿ, ಜೋಡು ಬಿಟ್ಟು ಓಡಿದ. ಅಪ್ಪ ಡೈನಮೋ ರಿಪೇರಿಯವನು. ಅದರ ಮೈಗೆ ಕಿವಿಯಾನಿಸಿ ನಿಂತರೆ ಸಾಕು, ಒಳಗೆ ಯಾವುದು ಸವೆದಿದೆ, ಇನ್ನೆಷ್ಟು ದಿನ ಬಾಳುತ್ತದೆ ಎಂದು ಹೇಳಿಬಿಡುತ್ತಿದ್ದ.

ಮಗನಿಗೆ ತಂತಿಯ ಗುರುತು ಕಲಿಸಿದ್ದೂ ಆ ಅಪ್ಪನೇ. ಹಳೆಯ ಕಾರುಗಳಲ್ಲಿ ಡೈನಮೋದಿಂದ, ಕರೆಂಟನ್ನು ಹದ್ದಿನಲ್ಲಿಟ್ಟು ಬ್ಯಾಟರಿಗೆ ಹಾಯಿಸುವ ಕಟೌಟ್ ಪೆಟ್ಟಿಗೆಗೆ ಎರಡು ತಂತಿ ಬರುತ್ತವೆ. ದಪ್ಪನೆಯದು ಕರೆಂಟನ್ನು ದುಡಿದು ತರುವುದು, ಅದು ಅಣ್ಣ. ಸಣ್ಣದು ಅಣ್ಣನನ್ನು ದುಡಿಯಲು ಹುರಿದುಂಬಿಸುವುದು, ಅದು ತಮ್ಮ. ವರ್ಷಗಟ್ಟಲೆ ಎಣ್ಣೆ ಕುಡಿದ ಮೇಲೆ ಎರಡರ ಬಣ್ಣವೂ ಒಂದೇ ಕಪ್ಪು. ಹಾಗಾಗಿ ಬೆರಳಲ್ಲಿ ಹೊಸೆದು ನೋಡಿಯೇ ತಿಳಿಯಬೇಕು. ಗುರುತಿಗೆ ದಾರ ಸುತ್ತುವುದು, ಚೀಟಿ ಅಂಟಿಸುವುದು ಆ ಮನೆತನಕ್ಕೆ ನಾಚಿಕೆಗೇಡು.

ಐವತ್ತೆರಡು ವರ್ಷ ಮೇಸ್ತ್ರಿ ಹಾಗೇ ಕೆಲಸ ಮಾಡಿದರು. ಕಣ್ಣು ಹೋಗದ ಸಂದಿಯಲ್ಲಿ ಕೈಯಿಟ್ಟು, ಮುಖವನ್ನು ಬೀದಿಯ ಕಡೆ ತಿರುಗಿಸಿ, ಹೋಗಿಬರುವವರನ್ನು ಮಾತಾಡಿಸುತ್ತಲೇ ತಂತಿ ಬಿಗಿಯುತ್ತಿದ್ದರು. ‘ಬೆರಳು ಮೇಸ್ತ್ರಿ’ ಎಂಬ ಹೆಸರು ಬಂದದ್ದು ಹಾಗೆ. ಮಗ ಬಸ್ ಓಡಿಸಲು ಹೋದ, ತಂತಿಯ ಸಹವಾಸ ಅವನಿಗೆ ಆಗಿಬರಲಿಲ್ಲ. ಹಿಡಿದು ಕಲಿತದ್ದು ಸೊಸೆ. ಅಂಗಡಿಯ ಒಳಮೂಲೆಯಲ್ಲಿ ಕೂತು ಡೈನಮೋದ ಆರ್ಮೇಚರಿಗೆ ತಂತಿ ಸುತ್ತುತ್ತ ಹನ್ನೊಂದು ವರ್ಷ ಮಾವನ ಕೈಯನ್ನೇ ನೋಡಿಕೊಂಡಿದ್ದಳು. ಆ ಕೈಯಲ್ಲಿ ಏನೋ ಸರಿಯಿಲ್ಲವೆಂದು ಅವಳಿಗೆ ಈಚೀಚೆಗೆ ಅನ್ನಿಸುತ್ತಿತ್ತು. ಬಿಸಿ ಟೀ ಲೋಟವನ್ನು ಗಟ್ಟಿಯಾಗಿ ಹಿಡಿದು ಹಾಯಾಗಿ ಕೂತಿರುತ್ತಿದ್ದರು. ಬೆರಳ ತುದಿ ಬೊಬ್ಬೆಯೆದ್ದರೂ ಅವರಿಗೆ ಗೊತ್ತಿರುತ್ತಿರಲಿಲ್ಲ.

ಆ ಬೆಳಿಗ್ಗೆ ಕಂಪೌಂಡರರ ಹಳೆಯ ಕಾರನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂದರು. ಬಲಗಡೆಯ ಕನ್ನಡಿ ಕಿತ್ತುಹೋಗಿತ್ತು. ಎರಡು ವಾರದ ಹಿಂದೆಯಷ್ಟೇ ಮೇಸ್ತ್ರಿ ಆ ಕಾರಿಗೆ ಹೊಸ ಕಟೌಟ್ ಪೆಟ್ಟಿಗೆ ಹಾಕಿಕೊಟ್ಟಿದ್ದರು.

“ಏನು ಕಂಪೌಂಡರೇ, ಕನ್ನಡಿ ಯಾರಿಗೆ ಕೊಟ್ಟು ಬಂದ್ರಿ?”

“ಲಾರಿಗೆ,” ಎಂದರು ಕಂಪೌಂಡರ್. ಅವರ ಮುಖದಲ್ಲಿ ನಗುವಿರಲಿಲ್ಲ. “ನಿನ್ನೆ ಮುಸ್ಸಂಜೇಲಿ ಏರು ಹತ್ತುತಾ ಇದ್ದೆ. ದೀಪ ಮಿಣುಕುಹುಳ ಆಗಿ ಆರಿಹೋಯ್ತು, ಎಂಜಿನ್ನೂ ನಿಂತುಹೋಯ್ತು. ತಿರುವಲ್ಲಿ ಲಾರಿಯವನಿಗೆ ನಾವು ಕಾಣಲೇ ಇಲ್ಲ. ಪಕ್ಕದಲ್ಲಿ ಮನೆಯವಳು ಕೂತಿದ್ದಳು. ಒಂದು ಗೇಣಲ್ಲಿ ಉಳಿದ್ವಿ, ಮೇಸ್ತ್ರೀ.”

ಮೇಸ್ತ್ರಿಯ ಮುಖ ಸಪ್ಪಗಾಯಿತು. ಆದರೂ ಮಾತಲ್ಲಿ ಬಿಟ್ಟುಕೊಡಲಿಲ್ಲ. “ಬೆಲ್ಟು ಸಡಿಲ ಆಗಿರುತ್ತೆ.”

ಬೆಲ್ಟು ಬಿಗಿಯಾಗಿತ್ತು. ಬ್ಯಾಟರಿಯೇ ಸತ್ತಿರಬೇಕು ಎಂದರು. ಸೊಸೆ ಅದನ್ನು ಚಾರ್ಜಿಗೆ ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಮೈದುಂಬಿಕೊಂಡು ಎಂಜಿನ್ನನ್ನು ಒಂದೇ ಏಟಿಗೆ ಎಬ್ಬಿಸಿತು. ಕರೆಂಟಿನ ಹರಿವು ತೋರಿಸುವ ಆಮೀಟರಿನ ಮುಳ್ಳು ಮಾತ್ರ ಚಾರ್ಜಿನ ಕಡೆ ಒಂದು ಕೂದಲೆಳೆಯಷ್ಟೂ ಸರಿಯಲಿಲ್ಲ.

“ಹಾಗಾದ್ರೆ ಡೈನಮೋ,” ಎಂದು ಮೇಸ್ತ್ರಿ ಚಪ್ಪಲಿ ಬಿಟ್ಟು ಕಾರಿನಡಿಗೆ ನುಸುಳಿದರು. ಡೈನಮೋದ ಎರಡೂ ತಂತಿ ಬಿಚ್ಚಿ, ಅದರ ಎರಡು ಮೊಳೆಗಳನ್ನು ತುಂಡು ತಂತಿಯಿಂದ ಸೇರಿಸಿ, ಟೆಸ್ಟ್ ಲ್ಯಾಂಪ್ ಹಿಡಿದರು. ಸೊಸೆ ಎಂಜಿನ್ ಶುರು ಮಾಡಿದಳು. ಬಲ್ಬು ಕಣ್ಣು ಕುಕ್ಕುವಂತೆ ಉರಿಯಿತು.

“ಡೈನಮೋ ಗಟ್ಟಿಮುಟ್ಟಾಗಿದೆ, ಮಾವ.”

“ನನಗೂ ಕಣ್ಣಿದೆ ಕಣಮ್ಮ,” ಎನ್ನುತ್ತ ಹೊರಬಂದು, ಕಂಪೌಂಡರರ ಕಡೆ ತಿರುಗಿದರು. “ನೀವೇನಾದ್ರೂ ಒಳಗೆ ಕೈಯಾಡಿಸಿದ್ರಾ? ಮಾತ್ರೆ ಎಣಿಸೋ ಕೈಗೆ ತಂತಿ ಯಾಕೆ ಬೇಕಿತ್ತು?”

“ನಿಮ್ಮ ಕೈ ಬಿದ್ದ ಮೇಲೆ ಬಾನೆಟ್ಟನ್ನೇ ಎತ್ತಿಲ್ಲ. ಬೇಕಾದ್ರೆ ಮನೆಯವಳನ್ನ ಕರೆಸ್ತೀನಿ, ಸಾಕ್ಷಿ ಹೇಳ್ತಾಳೆ.”

ಇನ್ನುಳಿದದ್ದು ಕಟೌಟ್ ಪೆಟ್ಟಿಗೆ. ಬ್ಯಾಟರಿಯ ಹಿಂದೆ, ನೇರವಾಗಿ ಕಣ್ಣು ಹಾಯದ ಸಂದಿಯಲ್ಲಿ ಅದು ಕೂತಿತ್ತು. ಮೇಸ್ತ್ರಿ ಕೈ ತೂರಿಸಿ ಮುಚ್ಚಳ ತೆಗೆದರು. ಸುಟ್ಟ ವಾಸನೆ ಗಪ್ಪೆಂದು ಮೂಗಿಗೆ ಅಡರಿತು.

“ಕರೆಂಟು ಕೂಡಿಸಿ ಬಿಡಿಸೋ ಪಾಯಿಂಟು ಕರಕಲಾಗಿರಬೇಕು. ಈಗಿನ ಮಾಲಿನ ಹಣೆಬರಹವೇ ಇಷ್ಟು!” ಅವರ ದನಿಯಲ್ಲಿ ಹೆಚ್ಚುಕಡಿಮೆ ಖುಷಿಯಿತ್ತು.

ಸೊಸೆಗೆ ಆ ಮಾತು ರುಚಿಸಲಿಲ್ಲ. ಹೊಸ ಪಾಯಿಂಟು ಎರಡು ವಾರದಲ್ಲಿ ಸುಮ್ಮನೆ ಸುಡುವುದಿಲ್ಲ. ತಾಳಲಾರದ ಹೊರೆ ಹೊತ್ತರೆ ಸುಡುತ್ತದೆ.

“ಮಾವ, ತಂತಿ ಸರಿಯಾಗಿ ಕೂತಿದೆಯಾ, ಒಂದ್ಸಲ ನೋಡಿ.”

ಮೇಸ್ತ್ರಿ ಅವಳನ್ನು ದುರುಗುಟ್ಟಿ ನೋಡಿದರು. ಮತ್ತೆ ಕೈಯಿಟ್ಟರು, ಮುಖ ಬೀದಿಯ ಕಡೆ. ಬಹಳ ಹೊತ್ತು ಹೊಸೆದರು. ಅಷ್ಟು ಹೊತ್ತು ಅವರು ಎಂದೂ ಹೊಸೆದವರಲ್ಲ.

“ಅಣ್ಣ ಇಲ್ಲಿದ್ದಾನೆ. ತಮ್ಮ ಇಲ್ಲಿದ್ದಾನೆ. ಇಬ್ಬರೂ ಅವರವರ ಮನೇಲಿದ್ದಾರೆ. ಸಮಾಧಾನ ಆಯ್ತಾ?”

ಅವಳು ತಲೆ ಬಾಚಿಕೊಳ್ಳುವ ಪುಟ್ಟ ಕನ್ನಡಿ ತಂದು ಸಂದಿಗೆ ಹಿಡಿದಳು. ಇನ್ನೊಂದು ಕೈಯಲ್ಲಿ ಟಾರ್ಚ್. ಪಾಯಿಂಟು ನೋಡಲೆಂದೇ ಹಿಡಿದದ್ದು. ಕಂಡದ್ದು ತಂತಿ. ಡೈನಮೋದ ಕಡೆ ಮೊಳೆಗಳೇ ಒಂದು ದಪ್ಪ, ಒಂದು ಸಣ್ಣ. ಅಲ್ಲಿ ತಪ್ಪುವ ಹಾಗೇ ಇಲ್ಲ. ಪೆಟ್ಟಿಗೆಯ ಕಡೆ ಎರಡು ತಿರುಪೂ ಒಂದೇ ಅಳತೆ. ಅಲ್ಲಿ ಅದಲುಬದಲಾಗಿತ್ತು. ದಪ್ಪ ತಂತಿಯ ಕರೆಂಟೆಲ್ಲ ಸಣ್ಣ ತಂತಿಗೆಂದು ಮಾಡಿದ ಪಾಯಿಂಟಿನ ಮೇಲೆ ಹರಿದು, ಇದ್ದಷ್ಟು ದಿನ ಹೇಗೋ ನಡೆದು, ಕೊನೆಗೆ ಅದನ್ನು ಸುಟ್ಟುಹಾಕಿತ್ತು.

ಸೊಸೆ ಟಾರ್ಚನ್ನು ಇನ್ನಷ್ಟು ಹತ್ತಿರ ಹಿಡಿದಳು. ಎರಡು ವಾರದ ಹಿಂದಿನದು ಹಾಳಾಗಿ ಹೋಗಲಿ, ಯಾರಿಗಾದರೂ ಒಮ್ಮೆ ತಪ್ಪುತ್ತದೆ. ಆ ಬೆರಳು ಈಗ ತಾನೇ ಅದೇ ಸುಳ್ಳನ್ನು ಇನ್ನೊಮ್ಮೆ ಹೇಳಿತ್ತಲ್ಲ. ಬಾಯಿ ಬಿಟ್ಟರೆ ಮಾವನ ಐವತ್ತೆರಡು ವರ್ಷ ಮಣ್ಣುಪಾಲು. ಸುಮ್ಮನೆ ಸರಿಮಾಡಿ, ತಪ್ಪನ್ನು ಪಾಯಿಂಟಿನ ಮೇಲೆ ಹಾಕಿದರೆ ಯಾರಿಗೂ ತಿಳಿಯದು. ಅವಳು ಕಿತ್ತುಹೋದ ಕನ್ನಡಿಯ ಜಾಗವನ್ನು ನೋಡಿದಳು.

“ಮಾವ,” ಎಂದಳು. “ಅಣ್ಣನ ಜಾಗದಲ್ಲಿ ತಮ್ಮ ಕೂತಿದ್ದಾನೆ.”

“ಹುಚ್ಚು ಹುಚ್ಚಾಗಿ ಮಾತಾಡಬೇಡ.”

“ಕನ್ನಡೀಲಿ ನೀವೇ ನೋಡಿ.”

ಮೇಸ್ತ್ರಿ ಬಗ್ಗಿ ನೋಡಿದರು. ನೆಟ್ಟಗಾಗುವಾಗ ಮಡ್‌ಗಾರ್ಡ್ ಹಿಡಿದುಕೊಂಡರು. ಆಮೇಲೆ ಬೆನ್ನು ತಿರುಗಿಸಿ ನಿಂತು, ಎರಡೂ ಕೈಗಳನ್ನು ಹಿಂದೆ ಚಾಚಿದರು. “ದಪ್ಪದೊಂದು ತುಂಡು, ಸಣ್ಣದೊಂದು ತುಂಡು ಇಡು. ಯಾವುದು ಎಲ್ಲಿ ಅಂತ ಹೇಳಬೇಡ.”

ಅವಳು ಇಟ್ಟಳು. ಅವರು ಹೊಸೆದರು. “ಎಡಗೈಲಿ ಅಣ್ಣ.”

ದಪ್ಪದು ಬಲಗೈಯಲ್ಲಿತ್ತು. “ಅಲ್ಲ, ಮಾವ,” ಎಂದಳು ಸೊಸೆ. “ಬದಲಾಯಿಸು,” ಎಂದರು. ಅವಳು ಬದಲಾಯಿಸಿದಳು. “ಈಗ್ಲೂ ಎಡಗೈ ಅಂತಲೇ ಅನ್ನಿಸ್ತಿದೆ,” ಎಂದರು. ಈ ಸಲ ಸರಿಯಾಗಿತ್ತು. ಸರಿಯಾದದ್ದೇ ಹೆಚ್ಚು ನೋಯಿಸಿತು.

ಕಂಪೌಂಡರ್ ಮೆಲ್ಲಗೆ ಹತ್ತಿರ ಬಂದರು. “ಇದು ನರ ಜೋಮು ಹಿಡಿಯೋದು, ಮೇಸ್ತ್ರೀ. ಕೈಯಷ್ಟೇ ಅಲ್ಲ, ಕಾಲಲ್ಲೂ ಇರಬಹುದು. ನಾಳೆ ನಾನೇ ಬಂದು ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತೀನಿ.”

“ನಾನು ನಿಮ್ಮಿಬ್ಬರನ್ನೂ ಲಾರಿ ಬಾಯಿಗೆ ಕೊಟ್ಟಿದ್ದೆ. ನೀವು ನನ್ನನ್ನ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತೀರಾ?” ಮೇಸ್ತ್ರಿ ಸೊಂಟದಿಂದ ಸ್ಕ್ರೂಡ್ರೈವರ್ ತೆಗೆದು ಸೊಸೆಯ ಕೈಗೆ ಕೊಟ್ಟರು. ಹಿಡಿಯ ಮರ ಅವರ ಹೆಬ್ಬೆರಳಿನ ಅಚ್ಚಿಗೆ ಸವೆದಿತ್ತು.

ಅವಳು ಹೊಸ ಪೆಟ್ಟಿಗೆ ಕೂರಿಸಿ, ತಂತಿಗಳನ್ನು ಅವುಗಳ ಜಾಗಕ್ಕೆ ಬಿಗಿದಳು. ಎಂಜಿನ್ ಏರಿಸಿದಾಗ ಮುಳ್ಳು ಚಾರ್ಜಿನ ಕಡೆ ವಾಲಿತು. ಅವಳು ಮೇಜಿನ ಖಾನೆಯಿಂದ ಕೆಂಪು ದಾರ ತೆಗೆದಳು. “ಮಾವ, ಇನ್ಮೇಲೆ ದಪ್ಪದಕ್ಕೆಲ್ಲ ನಾನು ದಾರ ಕಟ್ಟಿಡ್ತೀನಿ. ನೀವು ಕಣ್ಣಲ್ಲಿ ನೋಡ್ಕೊಂಡು ಬಿಗೀರಿ. ಯಾರಿಗೂ ಹೇಳಲ್ಲ.”

“ಬೇಡ. ದಾರ ಇದ್ರೆ ನಾನು ಇನ್ನೂ ಕೈ ಹಾಕ್ತೀನಿ. ದಾರ ಇಲ್ಲದ ಕಾರಿಗೂ ಒಂದಿನ ಹಾಕ್ತೀನಿ. ನನ್ನ ಬುದ್ಧಿ ನನಗೆ ಗೊತ್ತು.”

ಅವರು ಕಾರಿನ ಬಳಿ ಬಿಟ್ಟಿದ್ದ ಚಪ್ಪಲಿಗೆ ಕಾಲು ತೂರಿಸಿ ಬಾಗಿಲ ಕಡೆ ನಡೆದರು. ಹೊರಗಿನ ಮೆಟ್ಟಿಲ ಬಳಿ ಸೊಸೆ ಓಡಿಬಂದು ತೋಳು ಹಿಡಿಯಹೋದಳು. ಅವರ ಬಲಗಾಲಲ್ಲಿ ಚಪ್ಪಲಿಯಿತ್ತು. ಎಡಗಾಲಿನದು ಕಾರಿನ ಪಕ್ಕದಲ್ಲೇ ಬಿದ್ದಿತ್ತು. ಬರಿಗಾಲಿನ ಕೆಳಗೆ ಬೀದಿಯ ಬಿಸಿಲಿಗೆ ಕಾದ ಕಲ್ಲು. ಅವರು ಕಾಲೆತ್ತಲೂ ಇಲ್ಲ.

“ಬಿಡಮ್ಮ, ಹಿಡೀಬೇಡ,” ಎಂದರು ಮೇಸ್ತ್ರಿ. “ಕೈ ಹೋದ್ರೆ ಹೋಗ್ಲಿ. ಕಾಲಿಗೆ ನೆಲ ಇನ್ನೂ ಗೊತ್ತಾಗುತ್ತೆ.”