ಟವೆಲ್ ಹಾಕಿದ ಸೀಟು

ಕಾಲೇಜಿನ ಕಾಲದಲ್ಲೇ ಬಿಟ್ಟಿದ್ದ ಪುಟ್ಟ ಆಟಿಕೆ ರೈಲುಗಳ ಹುಚ್ಚು, ತಲೆ ನೆರೆತ ಮೇಲೆ ಶಿರಾಳಕೊಪ್ಪದ ಬಾಡಿಗೆ ಕೋಣೆಯಲ್ಲಿ ನನಗೆ ಮತ್ತೆ ಹಿಡಿಯಿತು. ವರ್ಗವಾದಲ್ಲೆಲ್ಲ ಹೊತ್ತೊಯ್ಯಬೇಕಲ್ಲ ಎಂದು, ತೊಡೆಯ ಮೇಲೆ ಹಿಡಿಸುವಂಥ ಪ್ಲೈವುಡ್ ಹಲಗೆಗೆ ಹಳಿ, ಒಂದು ನಿಲ್ದಾಣ, ನಾಲ್ಕು ಮರ ಅಂಟಿಸಿಕೊಂಡೆ. ತೋಟಕ್ಕೆ ಔಷಧಿ ಹೊಡೆಯುವ ಪಂಪಿನ ಹಳೇ ಬ್ಯಾಟರಿ ಜೋಡಿಸಿದರೆ ಎಂಜಿನ್ನು ಒಂದೇ ಒಂದು ಬೋಗಿಯನ್ನು ಎಳೆದುಕೊಂಡು ಸುತ್ತು ಹಾಕುತ್ತದೆ.

ಆನವಟ್ಟಿಗೆ ವರ್ಗವಾದಾಗ ಅದನ್ನು ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಬಂದೆ. ಜನ ಕಿಟಕಿಯೊಳಗೆ ಟವೆಲ್ ಎಸೆದು ತಮ್ಮ ತಮ್ಮವರಿಗೆ ಸೀಟು ಹಿಡಿಯುತ್ತಿದ್ದರು. ಆ ಪದ್ಧತಿ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನನಗಾಗಿ ಯಾರೂ ಟವೆಲ್ ಎಸೆದವರಿಲ್ಲ, ಅದಕ್ಕೂ ಇರಬಹುದು.

ಹೇಗೋ ಹಿಂದಿನ ಸೀಟು ಸಿಕ್ಕಿತು. ಪಕ್ಕದಲ್ಲಿದ್ದ ಅಜ್ಜಿ ಹಲಗೆ ನೋಡಿ ನಕ್ಕರು. "ನಮ್ಮೂರ ಕಡೆ ರೈಲೇ ಇಲ್ಲ, ನೀವು ತೊಡಿ ಮೇಲೇ ಇಟ್ಕಂಡು ಹೊಂಟೀರಲ್ರೀ!"

ಆಮೇಲೆ ಬೋಗಿಯ ಕಿಟಕಿಗೆ ಕಣ್ಣಿಟ್ಟು, "ಒಂದು ನರಪಿಳ್ಳೆನೂ ಇಲ್ವಲ್ರೀ ಇದರೊಳಗೆ. ಖಾಲಿ ಗಾಡಿ ಯಾಕೆ ಓಡಿಸ್ತೀರಿ?" ಎಂದರು.

"ಜನ ಇನ್ನೂ ಹತ್ಬೇಕು ಅಜ್ಜಿ" ಎಂದೆ.

ಹೊಸ ಕೋಣೆಯಲ್ಲಿ ಪಾತ್ರೆ ಪಗಡ ಬಿಚ್ಚುವ ಮೊದಲೇ ಹಲಗೆಯನ್ನು ಮೇಜಿನ ಮೇಲಿಟ್ಟೆ. ನನ್ನ ಟವೆಲ್ಲಿನ ಅಂಚಿನಿಂದ ಅಕ್ಕಿಕಾಳಿನಷ್ಟು ತುಂಡು ಕತ್ತರಿಸಿ, ಚಿಮುಟದಲ್ಲಿ ಹಿಡಿದು ಬೋಗಿಯೊಳಗಿನ ಕಿಟಕಿ ಸೀಟಿನ ಮೇಲೆ ಹಾಕಿದೆ. ಆಮೇಲೆ ಬ್ಯಾಟರಿ ಜೋಡಿಸಿದೆ.

ಈಗಲೂ ದಿನಾ ಸಂಜೆ ಓಡಿಸುತ್ತೇನೆ. ರೈಲು ಸುತ್ತಿ ಬಂದು ಅದೇ ನಿಲ್ದಾಣದಲ್ಲಿ ನಿಲ್ಲುತ್ತದೆ. ಬಗ್ಗಿ ನೋಡಿದರೆ ಟವೆಲ್ ಹಾಗೇ ಇರುತ್ತದೆ. ಯಾರಿಗೆ ಹಿಡಿದ ಸೀಟು ಎಂದು ಯಾರಾದರೂ ಕೇಳಿದರೆ, ಹೇಳಲು ನನ್ನಲ್ಲಿ ಒಂದು ಹೆಸರೂ ಇಲ್ಲ.